ಗಡಿಯಾರ ಮುಂದೋಡಿದಾಗ: ಜಾಲ ನಿರ್ವಹಣಾ ಸರ್ವರ್ ಒಂದನ್ನು ಕಮಾಂಡ್ ಲೈನ್‌ನಿಂದ ದುರಸ್ತಿ ಮಾಡಿದ ಪ್ರಕರಣ

ಎಂಜಿನಿಯರಿಂಗ್ ಕಾಲೇಜೊಂದರ ಆವರಣ ಜಾಲವನ್ನು ಗಮನಿಸುವುದಕ್ಕೆಂದು ಇಟ್ಟಿದ್ದ ಲಿಬ್ರೆಎನ್‌ಎಂಎಸ್ ಸರ್ವರ್ ಜೂನ್ 8ರ ಮಧ್ಯಾಹ್ನ ವಿಚಿತ್ರವಾದ ಸ್ಥಿತಿಯಲ್ಲಿತ್ತು. ಬ್ರೌಸರ್‌ನಲ್ಲಿ ತೆರೆದರೆ ಜಾಲದ ಯಂತ್ರಗಳನ್ನು ಜೋಡಿಸುವ ಎಲ್ಲ ಸ್ವಿಚ್‌ಗಳೂ ಹಸಿರಾಗಿದ್ದವು, ಪ್ರತಿ ಪೋರ್ಟಿನ ಎದುರು ಆ ಹೊತ್ತಿನ ದಟ್ಟಣೆಯ ಅಂಕಿ ಸರಿಯಾಗಿಯೇ ಕಾಣುತ್ತಿತ್ತು, ಆದರೆ ಗ್ರಾಫ್‌ಗಳು ಮಾತ್ರ ಹಿಂದಿನ ರಾತ್ರಿಗೇ ನಿಂತುಹೋಗಿದ್ದವು. ನಿಂತದ್ದಷ್ಟೇ ಅಲ್ಲ, ಹಿಂದಿನ ದಿನದ ಗೆರೆಗಳು ತಮ್ಮ ಸಹಜ ಏರಿಳಿತ ಕಳೆದುಕೊಂಡು ಎರಡೆರಡು ಗಂಟೆ ಅಗಲದ ಮೆಟ್ಟಿಲುಗಳಾಗಿ ಮಾರ್ಪಟ್ಟಿದ್ದವು. ಆವರಣದಲ್ಲಿ ಇಂಟರ್‌ನೆಟ್ ಇಲ್ಲವೆಂದು ಯಾರೂ ದೂರಿರಲಿಲ್ಲ. ಕೆಟ್ಟಿದ್ದದ್ದು ಜಾಲವಲ್ಲ, ಜಾಲವನ್ನು ನೋಡಿಕೊಳ್ಳುವ ಸರ್ವರ್.

ಆ ಸರ್ವರನ್ನು, ಕಮಾಂಡುಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಮಾಂಡ್ ಲೈನ್‌ನಿಂದ ಪರೀಕ್ಷಿಸಿ, ಕಾರಣ ಪತ್ತೆಹಚ್ಚಿ, ಸರಿಪಡಿಸಿದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಕಾಲೇಜಿನ ಹೆಸರಿನಿಂದ ಓದುಗರಿಗೆ ಆಗಬೇಕಾದ್ದೇನೂ ಇಲ್ಲ. ಜಾಲ ಆಡಳಿತಗಾರ್ತಿಯು ಕೆಲಸ ಆರಂಭಿಸುವ ಮೊದಲೇ ‘ಸ್ಕ್ರಿಪ್ಟ್’ ಎಂಬ ಕಮಾಂಡ್ ಕೊಟ್ಟು, ಟರ್ಮಿನಲ್‌ನಲ್ಲಿ ಮೂಡುವ ಪ್ರತಿಯೊಂದು ಸಾಲೂ ಕಡತವೊಂದರಲ್ಲಿ ಉಳಿಯುವಂತೆ ಮಾಡಿದ್ದರಿಂದ, ಯಾವುದರ ನಂತರ ಯಾವುದು ನಡೆಯಿತು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಸರ್ವರಿನ ಒಳಗಿನ ವ್ಯವಸ್ಥೆ

ಲಿಬ್ರೆಎನ್‌ಎಂಎಸ್ 2013ರಲ್ಲಿ ಅಬ್ಸರ್ವಿಯಂ ಎಂಬ ತಂತ್ರಾಂಶದಿಂದ ಕವಲೊಡೆದ ಮುಕ್ತ ತಂತ್ರಾಂಶ. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಎಲ್ಲವನ್ನೂ ಅಳವಡಿಸಿಟ್ಟ ಸಿದ್ಧ ವರ್ಚುವಲ್ ಮಷೀನ್ (ಭೌತಿಕ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಯಂತ್ರ) ರೂಪದಲ್ಲಿಯೂ ಅದು ದೊರೆಯುತ್ತದೆ. ಕಾಲೇಜಿನವರು ತಂದು ಹಾಕಿದ್ದು ಅದನ್ನೇ. ಹೀಗೆ ಸಿದ್ಧವಾಗಿ ಬಂದದ್ದನ್ನು ಜನ ಒಂದು ಪೆಟ್ಟಿಗೆಯೆಂದೇ ಭಾವಿಸುತ್ತಾರೆ, ಬ್ರೌಸರ್‌ನಲ್ಲಿ ಕಾಣುವ ಪುಟಗಳೇ ಅದರ ಸರ್ವಸ್ವವೆಂದು ನಂಬುತ್ತಾರೆ. ಇಲ್ಲಿಯೂ ಸರ್ವರಿಗೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದೂರ ಸಂಪರ್ಕದ ಮೂಲಕ ಪ್ರವೇಶಿಸುವ ಖಾತೆಯಿತ್ತು, ಅದರ ಗುಪ್ತಪದವೂ ವಿಭಾಗದ ಕಪಾಟಿನಲ್ಲಿತ್ತು, ಆದರೆ ಅದನ್ನು ಬಳಸುವ ಸಂದರ್ಭವೇ ಅಲ್ಲಿಯವರೆಗೆ ಒದಗಿರಲಿಲ್ಲ.

ಈ ತಂತ್ರಾಂಶ ಐದು ನಿಮಿಷಕ್ಕೊಮ್ಮೆ ಪ್ರತಿ ಸ್ವಿಚ್‌ಗೂ ಎಸ್‌ಎನ್‌ಎಂಪಿ ಎಂಬ ಜಾಲ ನಿರ್ವಹಣಾ ವಿಧಾನದ ಮೂಲಕ ಪ್ರಶ್ನೆ ಕಳುಹಿಸಿ, ಬಂದ ಉತ್ತರಗಳನ್ನು ಎರಡು ಕಡೆ ಇಡುತ್ತದೆ. ಉಪಕರಣದ ಹೆಸರು, ಪೋರ್ಟಿನ ಸ್ಥಿತಿ, ಕೊನೆಯ ಸಲ ಲೆಕ್ಕ ಹಾಕಿದ ದಟ್ಟಣೆ, ಘಟನೆಗಳ ಪಟ್ಟಿ ಇವೆಲ್ಲ ಮರಿಯಾಡಿಬಿ ದತ್ತಸಂಚಯಕ್ಕೆ ಹೋಗುತ್ತವೆ. ಕಾಲಕ್ರಮದಲ್ಲಿ ಬದಲಾಗುವ ಅಂಕಿಗಳು, ಅಂದರೆ ಗ್ರಾಫ್‌ಗೆ ಬೇಕಾದವು, ಆರ್‌ಆರ್‌ಡಿ ಕಡತಗಳಿಗೆ ಹೋಗುತ್ತವೆ. ಪುಟದ ಒಂದು ಭಾಗ ಸರಿಯಿದ್ದು ಇನ್ನೊಂದು ಭಾಗ ಸತ್ತಂತಿದ್ದುದಕ್ಕೆ ಈ ವಿಭಜನೆಯೇ ಕಾರಣ. ಹಸಿರು ಬಣ್ಣವೂ ಆ ಹೊತ್ತಿನ ಅಂಕಿಯೂ ದತ್ತಸಂಚಯದಿಂದ ಬಂದವು, ಗ್ರಾಫ್ ಮಾತ್ರ ಆರ್‌ಆರ್‌ಡಿ ಕಡತದಿಂದ ಬರಬೇಕಿತ್ತು.

ಮೊದಲ ಅನುಮಾನ, ಮತ್ತು ತಪ್ಪಿದ ಒಂದು ಅನಾಹುತ

ಹಿಂದಿನ ರಾತ್ರಿ ಗುಡುಗು ಮಳೆಗೆ ಆವರಣದ ವಿದ್ಯುತ್ ಹೋಗಿತ್ತು. ಯುಪಿಎಸ್ ಬ್ಯಾಟರಿ ಬರಿದಾಗುವಷ್ಟು ಹೊತ್ತು ಬಾರದೆ ಹೋದದ್ದರಿಂದ, ಈ ವರ್ಚುವಲ್ ಮಷೀನ್ ಇದ್ದ ಭೌತಿಕ ಸರ್ವರ್ ನಿಂತುಹೋಗಿತ್ತು. ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಸಹಾಯಕ ಬಂದು ಅದನ್ನು ಚಾಲೂ ಮಾಡಿದ್ದ. ವಿದ್ಯುತ್ ಏರಿಳಿತದಲ್ಲಿ ಸ್ವಿಚ್‌ಗಳ ಎಸ್‌ಎನ್‌ಎಂಪಿ ಸಂರಚನೆ ಅಳಿಸಿಹೋಗಿರಬಹುದೆಂಬುದು ಮಧ್ಯಾಹ್ನ ಮೂಡಿದ ಮೊದಲ ಅನುಮಾನ. “ಮೇಡಂ, ಒಂದು ಸ್ವಿಚ್ ಡಿಲೀಟ್ ಮಾಡಿ ಮತ್ತೆ ಸೇರಿಸಿ ನೋಡ್ಲಾ?” ಎಂದು ಸಹಾಯಕ ಕೇಳಿದ. “ಈಗಲೇ ಬೇಡಪ್ಪ, ಏನಾಗಿದೆ ಅಂತ ಮೊದಲು ನೋಡೋಣ” ಎಂದು ಆಡಳಿತಗಾರ್ತಿ ತಡೆದರು.

ಈ ತಡೆಗೆ ದೊಡ್ಡ ಬೆಲೆಯಿದೆ. ಲಿಬ್ರೆಎನ್‌ಎಂಎಸ್‌ನಲ್ಲಿ ಉಪಕರಣವೊಂದನ್ನು ಅಳಿಸಿದರೆ ಪಟ್ಟಿಯಿಂದ ಹೆಸರು ಹೋಗುವುದರ ಜೊತೆಗೆ, ಅದರ ಆರ್‌ಆರ್‌ಡಿ ಕಡತಗಳಿದ್ದ ಡೈರೆಕ್ಟರಿಯೂ ವರ್ಷಗಳ ದಾಖಲೆಯೊಂದಿಗೆ ಹೋಗುತ್ತದೆ. ಮತ್ತೆ ಸೇರಿಸಿದರೆ ಹೊಸ ಕಡತ ಸೃಷ್ಟಿಯಾಗಿ ಗ್ರಾಫ್ ಓಡತೊಡಗುತ್ತಿತ್ತು ಎಂಬುದು ನಿಜ, ಅದನ್ನು ಕಂಡು ‘ಇದೇ ಪರಿಹಾರ’ ಎಂದು ಉಳಿದ ಉಪಕರಣಗಳನ್ನೂ ಹಾಗೆಯೇ ಮಾಡುತ್ತಿದ್ದರೆಂಬುದೂ ಅಷ್ಟೇ ನಿಜ. ರೋಗ ಗುಣವಾದಂತೆ ತೋರಿಸಿ ರೋಗಿಯ ಚರಿತ್ರೆಯನ್ನೇ ಅಳಿಸುವ ಇಂಥ ಪರಿಹಾರಗಳಷ್ಟು ಅಪಾಯಕಾರಿಯಾದದ್ದು ನಿರ್ವಹಣೆಯ ಕೆಲಸದಲ್ಲಿ ಬೇರೆ ಇಲ್ಲವೆಂದು ನನ್ನ ಅನಿಸಿಕೆ.

ಏನನ್ನೂ ಬದಲಿಸದೆ ನೋಡುವ ಹಂತ

ಆಡಳಿತಗಾರ್ತಿಯು ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು, ಎಲ್ಲ ಅಧಿಕಾರವಿರುವ ರೂಟ್ ಖಾತೆಯಲ್ಲಿ ಕೆಲಸ ಮಾಡದೆ, ತಂತ್ರಾಂಶದ ಸ್ವಂತ ಬಳಕೆದಾರ ಖಾತೆಗೆ ಬದಲಾಗಿ ನಿಂತರು. ಇದು ಬರೀ ಶಿಸ್ತಿನ ಮಾತಲ್ಲ. ಮಾಹಿತಿ ಸಂಗ್ರಹಿಸುವ ಕಮಾಂಡನ್ನು ರೂಟ್ ಆಗಿ ಒಮ್ಮೆ ಚಲಾಯಿಸಿದರೂ ಆಗ ಹೊಸದಾಗಿ ಹುಟ್ಟುವ ಕಡತಗಳ ಒಡೆತನ ರೂಟ್‌ಗೆ ಸೇರಿ, ಮುಂದಿನ ಸಲ ಸಾಮಾನ್ಯ ಖಾತೆಯಿಂದ ಅವುಗಳಿಗೆ ಬರೆಯಲು ಅನುಮತಿ ಸಿಗದೆ, ಮೂಲ ತೊಂದರೆಯ ಮೇಲೆ ಎರಡನೆಯದೊಂದು ಬಂದು ಕೂರುತ್ತದೆ.

‘ಡಿಎಫ್’ ಕಮಾಂಡ್ ಡಿಸ್ಕ್‌ನಲ್ಲಿ ಜಾಗ ಸಾಕಷ್ಟಿದೆಯೆಂದಿತು, ಅದನ್ನೇ ‘ಐ’ ಆಯ್ಕೆಯೊಂದಿಗೆ ಕೇಳಿದಾಗ ಹೊಸ ಕಡತಗಳಿಗೆ ಬೇಕಾದ ಐನೋಡ್‌ಗಳೂ ಉಳಿದಿದ್ದವು. ತಂತ್ರಾಂಶದ ಜೊತೆಗೇ ಬರುವ ‘ವ್ಯಾಲಿಡೇಟ್’ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಆ ಪರೀಕ್ಷೆ ದತ್ತಸಂಚಯದ ಸಮಯವನ್ನೂ ತಂತ್ರಾಂಶದ ಸಮಯವನ್ನೂ ಹೋಲಿಸುತ್ತದೆ. ಆದರೆ ಇಲ್ಲಿ ಎರಡೂ ಒಂದೇ ಯಂತ್ರದಲ್ಲಿದ್ದುದರಿಂದ ಎರಡೂ ಒಂದೇ ಗಡಿಯಾರವನ್ನು ನೋಡುತ್ತಿದ್ದವು, ವ್ಯತ್ಯಾಸ ಕಾಣುವ ಪ್ರಶ್ನೆಯೇ ಇರಲಿಲ್ಲ. ನಂತರ ‘ಎಸ್‌ಎನ್‌ಎಂಪಿಗೆಟ್’ ಬಳಸಿ ಒಂದು ಸ್ವಿಚ್ ಎಷ್ಟು ಹೊತ್ತಿನಿಂದ ಚಾಲೂ ಇದೆಯೆಂದು ಕೇಳಿದರು, ತಕ್ಷಣ ಉತ್ತರ ಬಂತು. ಪೋರ್ಟುಗಳ 64 ಬಿಟ್ ಬೈಟ್ ಎಣಿಕೆಯನ್ನು ಕೊಂಚ ಬಿಟ್ಟು ಬಿಟ್ಟು ಕೇಳಿದಾಗ ಅಂಕಿ ಏರುತ್ತಿರುವುದೂ ಕಂಡಿತು. ಅಲ್ಲಿಗೆ ಸ್ವಿಚ್‌ಗಳು, ಎಸ್‌ಎನ್‌ಎಂಪಿ ಮತ್ತು ನಡುವಿನ ಜಾಲ ಮೂರೂ ಅನುಮಾನದಿಂದ ಹೊರಬಿದ್ದವು. ಉತ್ತರ ಸರ್ವರಿನವರೆಗೆ ಬರುತ್ತಿದೆ, ಕಡತಕ್ಕೆ ಇಳಿಯುತ್ತಿಲ್ಲ.

ಆರ್‌ಆರ್‌ಡಿ ಡೈರೆಕ್ಟರಿಗೆ ಹೋಗಿ ‘ಎಲ್‌ಎಸ್’ ಕಮಾಂಡನ್ನು ಉದ್ದ ರೂಪದಲ್ಲಿ ಕೊಟ್ಟಾಗ ಮೊದಲ ಸುಳಿವು ಸಿಕ್ಕಿತು. ಈಚೆಗೆ ಬದಲಾದ ಕಡತಗಳ ಎದುರು ಈ ಕಮಾಂಡ್ ದಿನಾಂಕದ ಜೊತೆ ಗಂಟೆ ಮತ್ತು ನಿಮಿಷ ತೋರಿಸುತ್ತದೆ. ಆರು ತಿಂಗಳಿಗಿಂತ ಹಳೆಯ ಕಡತವಾದರೆ, ಅಥವಾ ಕಡತದ ದಿನಾಂಕ ಇನ್ನೂ ಬಾರದ ದಿನದ್ದಾದರೆ, ಗಂಟೆಯ ಜಾಗದಲ್ಲಿ ಇಸವಿ ಬರುತ್ತದೆ. ಇಲ್ಲಿ ಸಾಲುಸಾಲಾಗಿ ಇಸವಿಗಳಿದ್ದವು. ಪಕ್ಕದಲ್ಲಿದ್ದ ದಿನಾಂಕ ಆಗಸ್ಟ್ 6. ಅವಸರದಲ್ಲಿ ನೋಡಿದವರು ಅದನ್ನು ಹಿಂದಿನ ವರ್ಷದ ಆಗಸ್ಟ್ ಎಂದು ಓದಿ, ಈ ಕಡತಗಳು ಬಹಳ ಹಿಂದೆಯೇ ನಿಂತಿವೆಯೆಂದು ಭಾವಿಸಿ ಮುಂದೆ ಹೋಗುವ ಸಾಧ್ಯತೆ ಹೆಚ್ಚು. ಆದರೆ ಅಲ್ಲಿದ್ದ ಇಸವಿ ಈ ವರ್ಷದ್ದೇ ಆಗಿತ್ತು.

ಒಂದು ಸ್ವಿಚ್‌ನ ಮಾಹಿತಿ ಸಂಗ್ರಹವನ್ನು ಡೀಬಗ್ ಆಯ್ಕೆಯೊಂದಿಗೆ ಕೈಯಾರೆ ನಡೆಸಿದಾಗ ವಿಷಯ ಸ್ಪಷ್ಟವಾಯಿತು. ಇಂಥ ಸಮಯಕ್ಕೆ ಬರೆಯುವ ಯತ್ನ ಅಕ್ರಮ, ಕಡತದಲ್ಲಿ ಕೊನೆಯದಾಗಿ ಬರೆದ ಸಮಯ ಇದು, ಕನಿಷ್ಠ ಒಂದು ಸೆಕೆಂಡಾದರೂ ಮುಂದಿರಬೇಕು ಎಂಬ ಅರ್ಥದ ದೋಷಸಂದೇಶ ಪ್ರತಿ ಕಡತಕ್ಕೂ ಒಂದರಂತೆ ಉರುಳಿತು. ಸಂದೇಶದಲ್ಲಿ ಎರಡು ಸಮಯಗಳೂ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾಗಿ ಇರುತ್ತವೆ. ‘ಡೇಟ್’ ಕಮಾಂಡಿಗೆ ಎರಡನೆಯ ಅಂಕಿಯನ್ನು ಕೊಟ್ಟು ಕೇಳಿದರೆ ಆಗಸ್ಟ್ 6ರ ಮಧ್ಯಾಹ್ನ ಎರಡು ಮುಕ್ಕಾಲರ ಸುಮಾರು ಎಂದು ಬಂತು. ‘ಆರ್‌ಆರ್‌ಡಿಟೂಲ್ ಲಾಸ್ಟ್’ ಎಂಬ ಕಮಾಂಡ್ ಬೇರೆ ಬೇರೆ ಸ್ವಿಚ್‌ಗಳ ಕಡತಗಳಲ್ಲಿಯೂ ಅದನ್ನೇ ದೃಢಪಡಿಸಿತು.

ಆದರೆ ‘ಟೈಮ್‌ಡೇಟ್‌ಸಿಟಿಎಲ್’ ಕೇಳಿದರೆ ಸರ್ವರಿನ ಗಡಿಯಾರ ಸರಿಯಾಗಿಯೇ ಇತ್ತು.

ಈಗ ಸರಿಯಿರುವ ಗಡಿಯಾರ ಬೆಳಿಗ್ಗೆ ಹೇಗಿತ್ತೆಂದು ತಿಳಿಯಲು ‘ಜರ್ನಲ್‌ಸಿಟಿಎಲ್’ ನೋಡಬೇಕಾಯಿತು. ಅದರಲ್ಲಿ ಯಂತ್ರ ಚಾಲೂ ಆದದ್ದು ಆಗಸ್ಟ್ 6ರಂದು ಎಂದು ದಾಖಲಾಗಿತ್ತು, ಸುಮಾರು 40 ನಿಮಿಷಗಳ ನಂತರ ಸಾಲುಗಳ ದಿನಾಂಕ ಇದ್ದಕ್ಕಿದ್ದಂತೆ ಜೂನ್ 8ಕ್ಕೆ ಜಿಗಿದಿತ್ತು. ಜಿಗಿತದ ಜಾಗದಲ್ಲಿ ಸಮಯ ಹೊಂದಿಸುವ ಕ್ರೋನಿ ಎಂಬ ಸೇವೆಯ ಸಾಲೊಂದು, ಗಡಿಯಾರ ಎಷ್ಟು ಸೆಕೆಂಡು ತಪ್ಪಿತ್ತೆಂದು ಹೇಳಿ ಅಷ್ಟನ್ನು ಒಮ್ಮೆಲೇ ಹಿಂದಕ್ಕೆ ಸರಿಸಿದ್ದನ್ನು ವರದಿ ಮಾಡಿತ್ತು. ಒಂದೆರಡು ನಿಮಿಷದ ವ್ಯತ್ಯಾಸ ಬಿಟ್ಟರೆ ಆ ತಪ್ಪು 51,17,400 ಸೆಕೆಂಡುಗಳದ್ದು.

ಆ ಅಂಕಿಯೊಳಗಿದ್ದ ಎರಡು ತಪ್ಪುಗಳು

ದಿನವೊಂದಕ್ಕೆ 86,400 ಸೆಕೆಂಡು. ಮೇಲಿನ ಅಂಕಿಯನ್ನು ಅದರಿಂದ ಭಾಗಿಸಿದರೆ 59 ದಿನ ಬಂದು 19,800 ಸೆಕೆಂಡು ಉಳಿಯುತ್ತದೆ. 59 ದಿನವೆಂದರೆ ಜೂನ್ 8ರಿಂದ ಆಗಸ್ಟ್ 6ರವರೆಗಿನ ಅಂತರ. 19,800 ಸೆಕೆಂಡು ಎಂದರೆ ಐದೂವರೆ ಗಂಟೆ, ಭಾರತೀಯ ಕಾಲಮಾನಕ್ಕೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಕಾಲಕ್ಕೂ ಇರುವ ವ್ಯತ್ಯಾಸ. ಎರಡು ಬೇರೆ ಬೇರೆ ತಪ್ಪುಗಳು ಕೂಡಿಕೊಂಡಿವೆಯೆಂದು ಈ ಭಾಗಾಕಾರವೇ ಹೇಳಿತು.

ಸಹಾಯಕನನ್ನು ವಿಚಾರಿಸಿದಾಗ ಉಳಿದ ಕಥೆ ತಿಳಿಯಿತು. ಭೌತಿಕ ಸರ್ವರಿನ ಮದರ್‌ಬೋರ್ಡಿನಲ್ಲಿರುವ 3 ವೋಲ್ಟಿನ ಸಿಆರ್2032 ಸೆಲ್ ಸತ್ತಿತ್ತು. ವಿದ್ಯುತ್ ಪೂರ್ತಿ ಹೋದಾಗ ಗಡಿಯಾರವನ್ನು ಓಡಿಸುವುದು ಆ ಸೆಲ್. ಬೆಳಿಗ್ಗೆ ಚಾಲೂ ಮಾಡಿದಾಗ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ದಿನಾಂಕ ಹೊಂದಿಸುವಂತೆ ಕೇಳಿತು. ನಮ್ಮಲ್ಲಿ ರೂಢಿಯಿರುವಂತೆ ದಿನ ಮೊದಲು, ತಿಂಗಳು ನಂತರ ಎಂದು ಆತ 08, 06 ಎಂದು ತುಂಬಿದ. ಬಯಾಸ್‌ಗೆ ಬೇಕಿದ್ದದ್ದು ತಿಂಗಳು ಮೊದಲು. ತಿಂಗಳ 13ನೆಯ ತಾರೀಖು ಅಥವಾ ಅದರ ನಂತರದ ದಿನವಾಗಿದ್ದರೆ ಬಯಾಸ್ ಅದನ್ನು ಸ್ವೀಕರಿಸುತ್ತಲೇ ಇರಲಿಲ್ಲ. ಸಮಯವನ್ನು ಕೈಗಡಿಯಾರ ನೋಡಿ ತುಂಬಿದ. ಆ ಭೌತಿಕ ಸರ್ವರಿನ ಲಿನಕ್ಸ್, ಅಂದರೆ ವರ್ಚುವಲ್ ಮಷೀನಿಗೆ ನೆಲೆಯಾದ ಹೋಸ್ಟ್, ಯಂತ್ರದ ಗಡಿಯಾರ ಯುಟಿಸಿಯಲ್ಲಿದೆಯೆಂದು ಭಾವಿಸಿ, ಬೆಳಗಿನ ಎಂಟೂವರೆಯನ್ನು ಮಧ್ಯಾಹ್ನ ಎರಡು ಗಂಟೆಯೆಂದು ಓದಿಕೊಂಡಿತು. ಕೆವಿಎಂ ಎಂಬ ಲಿನಕ್ಸ್ ವ್ಯವಸ್ಥೆಯ ಮೂಲಕ ಓಡುವ ವರ್ಚುವಲ್ ಮಷೀನ್‌ಗೆ ಚಾಲೂ ಆಗುವಾಗ ಸಿಗುವುದು ಹೋಸ್ಟ್ ಹೇಳಿದ ಸಮಯ. ಹಾಗಾಗಿ ತಪ್ಪು ಅಲ್ಲಿಗೂ ಇಳಿಯಿತು.

ಅದೇ ಹೊತ್ತಿನಲ್ಲಿ ಹೊರಗಿನ ಇಂಟರ್‌ನೆಟ್ ಸಂಪರ್ಕವಿರಲಿಲ್ಲ. ಕ್ರೋನಿ ನಂಬಿದ್ದ ಸಮಯ ಸರ್ವರ್‌ಗಳೆಲ್ಲ ಹೊರಗಿನವೇ ಆಗಿದ್ದರಿಂದ, ಸಂಪರ್ಕ ಮರಳುವವರೆಗಿನ 40 ನಿಮಿಷ ಅದು ಏನೂ ಮಾಡಲಾರದೆ ಕಾದಿತ್ತು. ಮಾಹಿತಿ ಸಂಗ್ರಹಿಸುವ ಕ್ರಾನ್ (ನಿಗದಿತ ಹೊತ್ತಿಗೆ ಕಮಾಂಡ್ ನಡೆಸುವ ವ್ಯವಸ್ಥೆ) ಕೆಲಸ ಮಾತ್ರ ಯಾರಿಗೂ ಕಾಯದೆ, ಐದು ನಿಮಿಷಕ್ಕೊಮ್ಮೆ ಆಗಸ್ಟ್ 6ರ ದಿನಾಂಕ ಹಾಕಿ ಬರೆಯುತ್ತಾ ಹೋಯಿತು. ಸಂಪರ್ಕ ಬಂದ ಮೇಲೆ ಕ್ರೋನಿ ಗಡಿಯಾರವನ್ನು ಒಮ್ಮೆಲೇ ಹಿಂದಕ್ಕೆ ತಂದಿತು. ಉಬುಂಟುವಿನ ಸಿದ್ಧ ಸಂರಚನೆಯಲ್ಲಿ ಮೊದಲ ಮೂರು ಅಳತೆಗಳೊಳಗೆ ಹೀಗೆ ಜಿಗಿಯಲು ಅನುಮತಿಯಿದೆ. ಇಲ್ಲದಿದ್ದರೆ ಅದು ಗಡಿಯಾರವನ್ನು ನಿಧಾನಗೊಳಿಸಿಯೇ ಸರಿಪಡಿಸಬೇಕು. ಕ್ರೋನಿಯ ಗರಿಷ್ಠ ವೇಗ ಹನ್ನೆರಡರಲ್ಲಿ ಒಂದು ಭಾಗವಾದ್ದರಿಂದ 59 ದಿನದ ತಪ್ಪು ತೀರಲು 708 ದಿನ ಹಿಡಿಯುತ್ತಿತ್ತು! ಹೋಸ್ಟ್‌ನಲ್ಲಿಯೂ ಕ್ರೋನಿ ಇದ್ದು, ಸರಿಯಾದ ಸಮಯವನ್ನು ಅದು ಯಂತ್ರದ ಗಡಿಯಾರಕ್ಕೂ ಬರೆದಿತ್ತು. ಮಧ್ಯಾಹ್ನದ ಹೊತ್ತಿಗೆ ಬಯಾಸ್‌ನಲ್ಲಿ ನೋಡಿದ್ದರೂ ತಪ್ಪಿನ ಗುರುತು ಸಿಗುತ್ತಿರಲಿಲ್ಲ.

ಆರ್‌ಆರ್‌ಡಿ ಕಡತದಲ್ಲಿ ಆದ ಹಾನಿ

ಆರ್‌ಆರ್‌ಡಿಟೂಲ್ ಅನ್ನು 1999ರಲ್ಲಿ ಹೊರತಂದವರು, ಅದಕ್ಕೂ ಮೊದಲು ಎಂಆರ್‌ಟಿಜಿ ಎಂಬ ದಟ್ಟಣೆ ತೋರಿಸುವ ತಂತ್ರಾಂಶವನ್ನು ಬರೆದಿದ್ದ ಟೋಬಿಯಾಸ್ ಒಟಿಕರ್. ಇದರ ಕಡತ ಎಂದೂ ಬೆಳೆಯುವುದಿಲ್ಲ. ರಾಟಾಳಕ್ಕೆ ಸಾಲಾಗಿ ಕಟ್ಟಿದ ಕೊಡಗಳ ಹಾಗೆ ಇದರಲ್ಲಿ ಮನೆಗಳ ಸಂಖ್ಯೆ ನಿಗದಿಯಾಗಿರುತ್ತದೆ. ಒಂದು ಸುತ್ತು ಮುಗಿದ ಮೇಲೆ ಹೊಸ ಅಂಕಿ ತೀರಾ ಹಳೆಯ ಅಂಕಿಯ ಮನೆಗೆ ಬಂದು ಕೂರುತ್ತದೆ. ಲಿಬ್ರೆಎನ್‌ಎಂಎಸ್‌ನ ಸಿದ್ಧ ಏರ್ಪಾಡಿನಲ್ಲಿ ಸರಾಸರಿಗಳಿಗೆ ಇಂಥ ನಾಲ್ಕು ಸುತ್ತುಗಳಿವೆ: ಐದು ನಿಮಿಷದ 2,016 ಮನೆಗಳು, ಅಂದರೆ ಏಳು ದಿನ, ಅರ್ಧ ಗಂಟೆಯ 1,440 ಮನೆಗಳು, ಅಂದರೆ 30 ದಿನ, ಎರಡು ಗಂಟೆಯ 1,440 ಮನೆಗಳು, ಅಂದರೆ 120 ದಿನ, ಮತ್ತು ಒಂದು ದಿನದ 1,440 ಮನೆಗಳು, ಅಂದರೆ ಸುಮಾರು ನಾಲ್ಕು ವರ್ಷ.

ಆಗಸ್ಟ್ 6ರ ದಿನಾಂಕ ಹೊತ್ತ ಮೊದಲ ಅಂಕಿ ಬಂದ ಕ್ಷಣ, ನಡುವಿನ 59 ದಿನಗಳೆಲ್ಲ ಅಂಕಿಯೇ ಬಾರದೆ ಕಳೆದುಹೋದವೆಂದು ಆರ್‌ಆರ್‌ಡಿಟೂಲ್ ತಿಳಿದು, ಆ ಅವಧಿಯ ಪ್ರತಿ ಮನೆಯನ್ನೂ ‘ಗೊತ್ತಿಲ್ಲ’ ಎಂಬ ಗುರುತಿನಿಂದ ತುಂಬಿತು. ಏಳು ದಿನದ ಸುತ್ತು ಪೂರ್ತಿ ಅಳಿಯಿತು. 30 ದಿನದ ಸುತ್ತೂ ಪೂರ್ತಿ ಅಳಿಯಿತು. 120 ದಿನದ ಸುತ್ತಿನಲ್ಲಿ ಏಪ್ರಿಲ್ 8ರಿಂದ ಈಚಿನ ನಿಜವಾದ ಅಂಕಿಗಳು 61 ದಿನಗಳಷ್ಟು ಉಳಿದವು. ಹಿಂದಿನ ದಿನದ ಗ್ರಾಫ್ ಕೇಳಿದಾಗ ಆ ದಿನವನ್ನು ಒಳಗೊಂಡ ಅತ್ಯಂತ ಸೂಕ್ಷ್ಮ ಸುತ್ತು ಎರಡು ಗಂಟೆಯದೇ ಆಗಿದ್ದರಿಂದ ಗೆರೆಗಳು ಮೆಟ್ಟಿಲುಗಳಾಗಿ ಕಂಡವು.

ಇಲ್ಲಿ ಒಂದು ಬಲೆಯಿದೆ. ಕಡತವನ್ನು ‘ಡಂಪ್’ ಮಾಡಿ ಎಕ್ಸ್‌ಎಂಎಲ್ ಪಠ್ಯವಾಗಿಸಿ, ಅದರಲ್ಲಿ ಕೊನೆಯದಾಗಿ ಬರೆದ ಸಮಯವನ್ನು ತಿದ್ದಿ, ‘ರಿಸ್ಟೋರ್’ ಮಾಡಿದರೆ ಸಾಕೆಂದು ಯಾರಿಗಾದರೂ ಹೊಳೆಯುತ್ತದೆ. ಹಾಗೆ ಮಾಡಿದರೆ ದೋಷಸಂದೇಶ ಮಾಯವಾಗಿ ಗ್ರಾಫ್ ಓಡುವುದೂ ಖಂಡಿತ. ಆದರೆ ಆರ್‌ಆರ್‌ಡಿ ಕಡತದ ಮನೆಗಳಿಗೆ ಸ್ವಂತ ದಿನಾಂಕವಿಲ್ಲ. ಕೊನೆಯ ಸಮಯದಿಂದ ಹಿಂದಕ್ಕೆ ಎಣಿಸಿಯೇ ಪ್ರತಿ ಮನೆಯ ಕಾಲ ನಿರ್ಧಾರವಾಗುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಸಾಲಿನ ಪಕ್ಕ ಕಾಣುವ ದಿನಾಂಕ ಬರೀ ಟಿಪ್ಪಣಿ. ಕೊನೆಯ ಸಮಯವನ್ನು 59 ದಿನ ಹಿಂದಕ್ಕೆ ತಿದ್ದಿದರೆ ಇಡೀ ಚರಿತ್ರೆಯೇ 59 ದಿನ ಹಿಂದಕ್ಕೆ ಸರಿದು, ಮೇ ತಿಂಗಳ ಪರೀಕ್ಷಾ ದಿನಗಳ ದಟ್ಟಣೆ ಮಾರ್ಚ್‌ನಲ್ಲಿ ಆದಂತೆ ಕಾಣುತ್ತದೆ. ದೋಷವಿಲ್ಲದ, ಸುಂದರವಾದ, ಸಂಪೂರ್ಣ ಸುಳ್ಳಾದ ಗ್ರಾಫ್. ಸರಿಯಾಗಿ ಮಾಡಬೇಕೆಂದರೆ ಪ್ರತಿ ಸುತ್ತಿನ ಕೊನೆಯಿಂದ 59 ದಿನದ ಸಾಲುಗಳನ್ನು ಕಿತ್ತು, ಅಷ್ಟೇ ಖಾಲಿ ಸಾಲುಗಳನ್ನು ಮೊದಲಿಗೆ ಸೇರಿಸಬೇಕು. ಅಷ್ಟಾದರೂ ಏಳು ಮತ್ತು 30 ದಿನದ ಸುತ್ತುಗಳಲ್ಲಿ ಮರಳಿ ಸಿಗುವುದು ಏನೂ ಇಲ್ಲ.

ಏನೂ ಮಾಡದೆ ಆಗಸ್ಟ್ 6ರವರೆಗೆ ಕಾದರೆ ಕಡತಗಳು ತಾವಾಗಿಯೇ ಅಂಕಿಗಳನ್ನು ಸ್ವೀಕರಿಸತೊಡಗುತ್ತವೆ. ಎರಡು ತಿಂಗಳು ಕುರುಡಾಗಿರಲು ಕಾಲೇಜು ಸಿದ್ಧವಿರಲಿಲ್ಲ. ಉಳಿದದ್ದು ಬ್ಯಾಕಪ್.

ದುರಸ್ತಿಯ ಕ್ರಮ

ಬ್ಯಾಕಪ್ ಇತ್ತು. ಇನ್ನೊಂದು ಯಂತ್ರ ಪ್ರತಿ ರಾತ್ರಿ ಒಂದೂವರೆಗೆ ‘ಆರ್‌ಸಿಂಕ್’ ಎಂಬ ಕಡತ ನಕಲಿಸುವ ಕಮಾಂಡ್ ಮೂಲಕ ಈ ಸರ್ವರಿನ ಆರ್‌ಆರ್‌ಡಿ ಡೈರೆಕ್ಟರಿಯನ್ನು ಎಳೆದುಕೊಳ್ಳುತ್ತಿತ್ತು. ಹಿಂದಿನ ರಾತ್ರಿಯ ನಕಲು ವಿದ್ಯುತ್ ಹೋಗುವ ಮೊದಲೇ ಮುಗಿದಿದ್ದರಿಂದ ಅದು ಶುದ್ಧವಾಗಿತ್ತು. ಆದರೆ ಇದ್ದದ್ದು ಒಂದೇ ಪ್ರತಿ. ಆ ರಾತ್ರಿ ಒಂದೂವರೆಗೆ ಹಾಳಾದ ಕಡತಗಳು ಅದರ ಮೇಲೆ ಕೂರುತ್ತಿದ್ದವು. ಆರ್‌ಆರ್‌ಡಿ ಕಡತಗಳ ಗಾತ್ರ ಬದಲಾಗದಿದ್ದರೂ ದಿನಾಂಕ ಬದಲಾಗಿದ್ದರೆ ಆರ್‌ಸಿಂಕ್ ನಕಲು ಮಾಡಿಯೇ ಮಾಡುತ್ತದೆ. ಆದ್ದರಿಂದ ಆಡಳಿತಗಾರ್ತಿಯು ಈ ಸರ್ವರಿನಲ್ಲಿ ಏನನ್ನೂ ಮುಟ್ಟುವ ಮೊದಲು ಬ್ಯಾಕಪ್ ಯಂತ್ರಕ್ಕೆ ಹೋಗಿ ಆ ರಾತ್ರಿಯ ಕೆಲಸವನ್ನು ನಿಲ್ಲಿಸಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾದ ಕಮಾಂಡ್ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಇದು ಕೆಟ್ಟ ಯಂತ್ರದಲ್ಲಿ ಕೊಟ್ಟದ್ದೇ ಅಲ್ಲ ಎಂಬುದನ್ನೂ ಸೇರಿಸಿ.

ನಂತರ ‘ಕ್ರೋನಿಸಿ ಟ್ರ್ಯಾಕಿಂಗ್’ ಮೂಲಕ ಹೋಸ್ಟ್ ಮತ್ತು ವರ್ಚುವಲ್ ಮಷೀನ್ ಎರಡರ ಗಡಿಯಾರವೂ ಸರಿಯಾದ ಮೂಲಕ್ಕೆ ಹೊಂದಿಕೊಂಡಿವೆಯೆಂದು ಖಚಿತಪಡಿಸಿಕೊಂಡರು. ಮಾಹಿತಿ ಸಂಗ್ರಹದ ಕ್ರಾನ್ ಸಾಲನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಆಗಲೇ ಓಡುತ್ತಿದ್ದ ಪ್ರಕ್ರಿಯೆಗಳು ಮುಗಿಯುವವರೆಗೆ ‘ಪಿಗ್ರೆಪ್’ನಿಂದ ನೋಡುತ್ತಾ ಕಾದರು. ಬರವಣಿಗೆಗಳನ್ನು ಸ್ಮರಣೆಯಲ್ಲಿ ಹಿಡಿದಿಟ್ಟು ಬರೆಯುವ ಆರ್‌ಆರ್‌ಡಿಕ್ಯಾಶ್‌ಡಿ ಸೇವೆ ಇಲ್ಲಿ ಬಳಕೆಯಲ್ಲಿರಲಿಲ್ಲ. ಇದ್ದಿದ್ದರೆ ಅದನ್ನೂ ನಿಲ್ಲಿಸಬೇಕಿತ್ತು, ಇಲ್ಲವಾದರೆ ಮರಳಿ ತಂದ ಕಡತಗಳಿಗೂ ಅದು ತನ್ನ ನೆನಪಿನಲ್ಲಿದ್ದ ಆಗಸ್ಟ್ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯುವ ಸಂಭವವಿತ್ತು.

ಹಾಳಾದ ಡೈರೆಕ್ಟರಿಯನ್ನು ಅಳಿಸದೆ, ‘ಎಂವಿ’ ಬಳಸಿ ಅದೇ ಡಿಸ್ಕ್‌ನಲ್ಲಿ ಬೇರೆ ಹೆಸರಿಗೆ ಸರಿಸಿದರು. ಒಂದೇ ಫೈಲ್ ಸಿಸ್ಟಂ ಒಳಗೆ ಹೀಗೆ ಸರಿಸುವುದು ಕ್ಷಣದ ಕೆಲಸ, ಹಿಂದಿರುಗುವ ದಾರಿಯೂ ತೆರೆದಿರುತ್ತದೆ. ಬಳಿಕ ಎಲ್ಲವನ್ನೂ ಒಟ್ಟಿಗೆ ತರದೆ ಒಂದೇ ಸ್ವಿಚ್‌ನ ಡೈರೆಕ್ಟರಿಯನ್ನು ಬ್ಯಾಕಪ್‌ನಿಂದ ತಂದು, ಅದರ ಮಾಹಿತಿಯನ್ನು ಕೈಯಾರೆ ಸಂಗ್ರಹಿಸಿದರು. ಈ ಸಲದ ದೋಷ ಬೇರೆಯಾಗಿತ್ತು: ಬರೆಯಲು ಅನುಮತಿ ಇಲ್ಲ. ಬ್ಯಾಕಪ್ ಯಂತ್ರದಲ್ಲಿದ್ದ ಬಳಕೆದಾರ ಸಂಖ್ಯೆ ಇಲ್ಲಿ ಬೇರೆ ಯಾರಿಗೋ ಸೇರಿತ್ತು. ‘ಚೌನ್’ ಕಮಾಂಡಿನಿಂದ ಒಡೆತನವನ್ನು ತಂತ್ರಾಂಶದ ಖಾತೆಗೆ ಮರಳಿಸಿದ ಮೇಲೆ ‘ಆರ್‌ಆರ್‌ಡಿಟೂಲ್ ಲಾಸ್ಟ್’ ಆ ಕ್ಷಣದ ಸಮಯವನ್ನು ತೋರಿಸಿತು. ಒಂದರಲ್ಲಿ ಪರೀಕ್ಷಿಸದೆ ಎಲ್ಲವನ್ನೂ ತಂದಿದ್ದರೆ ಇದೇ ದೋಷ ಸಾವಿರಾರು ಕಡತಗಳಲ್ಲಿ ಒಟ್ಟಿಗೆ ಕಾಣಿಸಿ, ಬ್ಯಾಕಪ್ ಕೂಡ ಹಾಳಾಗಿದೆಯೇ ಎಂಬ ದಿಗಿಲು ಹುಟ್ಟುತ್ತಿತ್ತು.

ಉಳಿದ ನಕಲು ದೀರ್ಘವಾದದ್ದು. ಎಸ್‌ಎಸ್‌ಎಚ್ ಸಂಪರ್ಕ ನಡುವೆ ಕಡಿದರೂ ಕೆಲಸ ನಿಲ್ಲದಿರಲೆಂದು ಅದನ್ನು ‘ಟಿಮಕ್ಸ್’ ಒಳಗೆ ನಡೆಸಿದರು. ಆರ್‌ಸಿಂಕ್‌ಗೆ ಮೊದಲು ‘ಎನ್’ ಆಯ್ಕೆ ಕೊಟ್ಟು, ಏನೇನು ನಡೆಯಲಿದೆಯೆಂದು ಬರೀ ಪಟ್ಟಿ ಮಾಡಿಸಿ ಓದಿದ್ದು ವ್ಯರ್ಥವಾಗಲಿಲ್ಲ. ಮೂಲ ಡೈರೆಕ್ಟರಿಯ ಹೆಸರಿನ ಕೊನೆಯಲ್ಲಿ ಓರೆಗೆರೆ ಬಿಟ್ಟುಹೋಗಿ, ಆರ್‌ಆರ್‌ಡಿ ಡೈರೆಕ್ಟರಿಯೊಳಗೆ ಇನ್ನೊಂದು ಆರ್‌ಆರ್‌ಡಿ ಡೈರೆಕ್ಟರಿ ಹುಟ್ಟಲಿದ್ದುದು ಆ ಪಟ್ಟಿಯಲ್ಲಿ ಕಂಡು, ತಿದ್ದಲಾಯಿತು. ನಕಲು ಮುಗಿದು ಒಡೆತನ ಸರಿಯಾದ ಮೇಲೆ ಕ್ರಾನ್ ಸಾಲನ್ನು ಮರಳಿ ಸಕ್ರಿಯಗೊಳಿಸಿದರು. ಕಳೆದ ಹತ್ತು ನಿಮಿಷದಲ್ಲಿ ಬದಲಾದ ಕಡತಗಳೆಷ್ಟು ಎಂದು ‘ಫೈಂಡ್’ನಿಂದ ಎಣಿಸಿ, ಬದಲಾಗದೆ ಉಳಿದವುಗಳನ್ನು ಪಟ್ಟಿ ಮಾಡಿ ನೋಡಿದಾಗ ಅವೆಲ್ಲ ಹಿಂದೆಂದೋ ತೆಗೆದುಹಾಕಿದ ಪೋರ್ಟುಗಳವು ಎಂದು ತಿಳಿಯಿತು.

ದತ್ತಸಂಚಯದಲ್ಲೂ ಸ್ವಲ್ಪ ಕೆಲಸವಿತ್ತು. ಆ 40 ನಿಮಿಷದ ಘಟನೆಗಳೆಲ್ಲ ಆಗಸ್ಟ್ 6ರ ದಿನಾಂಕ ಹೊತ್ತು, ಘಟನಾ ಪಟ್ಟಿಯ ತಲೆಯ ಮೇಲೆ ಕೂತಿದ್ದವು, ಹೊಸ ಘಟನೆಗಳೆಲ್ಲ ಅವುಗಳ ಕೆಳಗೆ ಹೋಗುತ್ತಿದ್ದವು. ಅಳಿಸಿಬಿಡುವುದು ಸುಲಭವಿತ್ತು. ಆದರೆ ವಿದ್ಯುತ್ ಮರಳಿದ ಮೇಲೆ ಯಾವ ಕಟ್ಟಡದ ಸ್ವಿಚ್ ಯಾವ ಕ್ರಮದಲ್ಲಿ ಎದ್ದಿತೆಂಬ ಮಾಹಿತಿ ಇದ್ದದ್ದು ಆ ಸಾಲುಗಳಲ್ಲಿಯೇ. ಆ ಕೋಷ್ಟಕದ ಪ್ರತಿಯನ್ನು ‘ಮೈಎಸ್‌ಕ್ಯುಎಲ್‌ಡಂಪ್’ನಿಂದ ತೆಗೆದಿಟ್ಟು, ಈಗಿನ ಸಮಯಕ್ಕಿಂತ ಮುಂದಿನ ದಿನಾಂಕದ ಸಾಲುಗಳನ್ನು ಮಾತ್ರ ಆರಿಸಿ, ಅವುಗಳಿಂದ 59 ದಿನ ಐದೂವರೆ ಗಂಟೆ ಕಳೆದರು. ತಿದ್ದಿದ ಸಂಗತಿಯನ್ನು ವಿಭಾಗದ ದಾಖಲೆಯಲ್ಲಿ ಬರೆದಿಟ್ಟರು.

ಇದಕ್ಕಿಂತ ದೊಡ್ಡ ನಷ್ಟವೊಂದು ಸ್ವಲ್ಪದರಲ್ಲಿ ತಪ್ಪಿತ್ತು. ಲಿಬ್ರೆಎನ್‌ಎಂಎಸ್ ಮಧ್ಯರಾತ್ರಿ ಕಳೆದ ಮೇಲೆ ದೈನಂದಿನ ಶುಚಿ ಕಾರ್ಯ ನಡೆಸಿ 30 ದಿನಕ್ಕಿಂತ ಹಳೆಯ ಘಟನೆಗಳನ್ನು ಅಳಿಸುತ್ತದೆ. ಸಹಾಯಕ ಸರ್ವರನ್ನು ಬೆಳಿಗ್ಗೆಯ ಬದಲು ಸಂಜೆ ಆರೂವರೆಯ ಹೊತ್ತಿಗೆ ಚಾಲೂ ಮಾಡಿದ್ದರೆ, ಐದೂವರೆ ಗಂಟೆಯ ತಪ್ಪು ಸೇರಿ, ಯಂತ್ರದ ಪಾಲಿಗೆ ಅದು ಮಧ್ಯರಾತ್ರಿಯಾಗುತ್ತಿತ್ತು. ಆಗಸ್ಟ್‌ನಲ್ಲಿ ನಿಂತು ನೋಡಿದರೆ ಜೂನ್‌ನ ಎಲ್ಲ ಘಟನೆಗಳೂ 30 ದಿನಕ್ಕಿಂತ ಹಳೆಯವು.

ಬಳಿಕ ಮಾಡಿದ ಬದಲಾವಣೆಗಳು

ಸೆಲ್ ಬದಲಿಸಿದರು. ಬಯಾಸ್‌ನಲ್ಲಿ ತಿಂಗಳು ಮೊದಲು, ಸಮಯ ಯುಟಿಸಿಯಲ್ಲಿ ಎಂದು ಸರ್ವರ್ ರ‍್ಯಾಕ್‌ನ ಬಾಗಿಲಿಗೆ ಚೀಟಿ ಅಂಟಿಸಿದರು. ಬ್ಯಾಕಪ್ ಒಂದೇ ಪ್ರತಿಯ ಬದಲು ವಾರದ ಏಳು ದಿನಕ್ಕೆ ಏಳು ಡೈರೆಕ್ಟರಿಗಳಾಯಿತು. ಬದಲಾಗದ ಕಡತಗಳಿಗೆ ಹಾರ್ಡ್ ಲಿಂಕ್ (ಅದೇ ಕಡತಕ್ಕೆ ಇನ್ನೊಂದು ಹೆಸರು) ಹಾಕಿ ಜಾಗ ಉಳಿಸುವ ಆರ್‌ಸಿಂಕ್ ಆಯ್ಕೆ ಇಲ್ಲಿ ನಿರುಪಯೋಗಿ, ಏಕೆಂದರೆ ಬಳಕೆಯಲ್ಲಿರುವ ಪ್ರತಿ ಆರ್‌ಆರ್‌ಡಿ ಕಡತವೂ ಐದು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಏಳು ಪಟ್ಟು ಜಾಗ ಕೊಡಲೇಬೇಕಾಯಿತು.

ಸಮಯದ ಮೂಲವನ್ನು ಆವರಣದೊಳಕ್ಕೆ ತಂದದ್ದು ಮುಖ್ಯವಾದ ಬದಲಾವಣೆ. ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಹೊಂದಿಸಬೇಕೆಂದು ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಆವರಣದ ಮುಖ್ಯ ಸ್ವಿಚ್ ಆ ಸರ್ವರ್‌ಗಳಿಂದ ಸಮಯ ಪಡೆಯುವಂತೆ, ಉಳಿದ ಯಂತ್ರಗಳೆಲ್ಲ ಮುಖ್ಯ ಸ್ವಿಚ್‌ನಿಂದ ಪಡೆಯುವಂತೆ ಏರ್ಪಾಡಾಯಿತು. ಆ ಸ್ವಿಚ್‌ಗೆ ಪ್ರತ್ಯೇಕ ಯುಪಿಎಸ್ ಇದೆ.

ಒಂದು ವಿಷಯದಲ್ಲಿ ಮಾತ್ರ ವಿಭಾಗದೊಳಗೆ ಚರ್ಚೆ ನಡೆಯಿತು. ಗಡಿಯಾರ ಸರಿಯಾಗಿದೆಯೆಂದು ‘ಕ್ರೋನಿಸಿ ವೇಟ್‌ಸಿಂಕ್’ ಹೇಳುವವರೆಗೆ ಮಾಹಿತಿ ಸಂಗ್ರಹ ಆರಂಭವಾಗಕೂಡದೆಂದು ಆಡಳಿತಗಾರ್ತಿ ಚಿಕ್ಕ ಸ್ಕ್ರಿಪ್ಟ್ ಒಂದನ್ನು ಕ್ರಾನ್ ಸಾಲಿನ ಮುಂದೆ ಇಟ್ಟರು. ವಿದ್ಯುತ್ ಹೋಗಿ ಬಂದ ಬೆಳಿಗ್ಗೆಯೇ ಜಾಲದ ಮೇಲೆ ಹೆಚ್ಚು ಕಣ್ಣಿಡಬೇಕಾದ ಹೊತ್ತು, ಅದೇ ಹೊತ್ತಿನಲ್ಲಿ ಸರ್ವರ್ ಕಣ್ಣು ಮುಚ್ಚಿ ಕೂತರೆ ಅದಿದ್ದೇನು ಫಲ ಎಂಬುದು ಎದುರು ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಒಂದು ಗಂಟೆಯ ಅಂಕಿ ತಪ್ಪಿದರೆ ಹೋಗುವುದು ಆ ಒಂದು ಗಂಟೆ ಮಾತ್ರ, ತಪ್ಪು ದಿನಾಂಕದ ಒಂದೇ ಅಂಕಿ ಬಿದ್ದರೆ ಹೋಗುವುದು ಹಿಂದಿನ 30 ದಿನದ ವಿವರ. ಕೊನೆಗೆ ಸ್ಕ್ರಿಪ್ಟ್ ಉಳಿಯಿತು. ಕಾಯುವ ಅವಧಿಗೆ 15 ನಿಮಿಷದ ಮಿತಿ ಹಾಕಿ, ಅಷ್ಟರಲ್ಲಿ ಗಡಿಯಾರ ಹೊಂದದಿದ್ದರೆ ಸಂಗ್ರಹ ತಾನಾಗಿ ಆರಂಭವಾಗದೆ, ಯಾರಾದರೂ ಒಳಹೊಕ್ಕು ‘ಡೇಟ್’ ಕೇಳಿ ನೋಡಿದ ಮೇಲೆಯೇ ಕೈಯಾರೆ ಆರಂಭಿಸಬೇಕೆಂದು ನಿಯಮವಾಯಿತು. ಅದೇ ಹೋಸ್ಟ್ ಮೇಲೆ ಗ್ರಂಥಾಲಯದ ತಂತ್ರಾಂಶದ ವರ್ಚುವಲ್ ಮಷೀನ್ ಕೂಡ ಇದೆ. ಪುಸ್ತಕ ಮರಳಿಸುವ ಗಡುವೂ ತಡದ ದಂಡವೂ ಅದರಲ್ಲಿ ಲೆಕ್ಕವಾಗುವುದರಿಂದ ಅಲ್ಲಿಗೂ ಇಂಥದೇ ತಡೆ ಬೇಕೆಂದು ಗ್ರಂಥಪಾಲಕರಿಗೆ ಬರೆಯಲಾಗಿದೆ.